ಬಲೆಯ ಶಿಲ್ಪಗಳ ನಡುವೆ ವೃಂದಗಾನ: ಇಗರ್ಜಿಯ ಗುಂಯ್‌ಗುಡುವಿಕೆಗೆ ಹೆದರಬೇಕೆ?

ಪ್ರಶ್ನೆ: ಕಾರವಾರದ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶ ಹೀಗಿದೆ. ಅವರ ಗಾಯನ ವೃಂದದಲ್ಲಿ 28 ಮಂದಿ ಇದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ಪರಿಸರವನ್ನು ಕುರಿತ ವೃಂದಗಾನವೊಂದನ್ನು ಊರಿನ ದೊಡ್ಡ ಇಗರ್ಜಿಯಾದ (ಇಗರ್ಜಿ ಎಂದರೆ ಚರ್ಚ್) ಕೆಥೆಡ್ರಲ್‌ನ ಒಳಗೇ ನಡೆಸುವ ಆಸೆ ಅವರದು. ಚಿತ್ರಕಲೆ ಕಲಿಯುತ್ತಿರುವ ಊರಿನ ಯುವಕ ಯುವತಿಯರು ಹರಿದ ಮೀನುಬಲೆ, ಹಳೆಯ ದೋಣಿಯ ಹಲಗೆ, ಹೊಳೆಯಲ್ಲಿ ತೇಲಿಬಂದ ಮರದ ತುಂಡುಗಳಿಂದ ಆರು ಶಿಲ್ಪಗಳನ್ನು ಮಾಡುತ್ತಿದ್ದಾರೆ. ಅದರಲ್ಲೊಂದು ದೊಡ್ಡ ಕಡಲಾಮೆ. ಇಂಗ್ಲೆಂಡಿನ ಕೆಥೆಡ್ರಲ್ ಒಂದರಲ್ಲಿ ಭೂಗೋಳವನ್ನು ತೂಗುಬಿಟ್ಟ ಚಿತ್ರವನ್ನು ಮೊಬೈಲಿನಲ್ಲಿ ನೋಡಿ, ಈ ಆಮೆಯನ್ನೂ ಹಾಗೆಯೇ ಮಾಡಿನಿಂದ ತೂಗುಹಾಕಬೇಕೆಂದು ಅವರು ಹಟ ಹಿಡಿದಿದ್ದಾರೆ. ‘ಒಳಗೆ ಗುಂಯ್ ಎನ್ನುತ್ತದೆ, ಎಲ್ಲರಿಗೂ ಮೈಕ್ ಬೇಕು’ ಎಂದು ಧ್ವನಿವರ್ಧಕದವರು ಹೇಳುತ್ತಾರೆ. ‘ಬಲೆ ಸದ್ದನ್ನು ಹೀರಿಕೊಳ್ಳುತ್ತದೆ, ಚಿಂತೆ ಬೇಡ’ ಎಂಬುದು ಶಿಲ್ಪ ಮಾಡುವವರ ಮಾತು. ಇಗರ್ಜಿ ಪ್ರದರ್ಶನದ ಜಾಗವಲ್ಲ ಎಂದು ಹಿರಿಯರು ಬೇಸರಿಸಿದ್ದಾರೆ. ಮೀನುಗಾರ ಕುಟುಂಬದ ಒಬ್ಬರು, ‘ಬಲೆ ತೋರಿಸಿ ನಮ್ಮನ್ನೇ ಬೈಯುತ್ತೀರಾ?’ ಎಂದು ಕೇಳಿದ್ದಾರೆ. ಎಲ್ಲ ಮುಗಿದ ಮೇಲೆ ಆ ಶಿಲ್ಪಗಳನ್ನು ಏನು ಮಾಡುವುದು ಎಂಬುದು ಪತ್ರ ಬರೆದವರ ಕೊನೆಯ ಪ್ರಶ್ನೆ.

ಉತ್ತರ: ಇಗರ್ಜಿಗಳಲ್ಲಿ, ಸಭಾಂಗಣಗಳಲ್ಲಿ ಧ್ವನಿಯ ಕೆಲಸ ಮಾಡುತ್ತ, ಜೊತೆಗೆ ವೃಂದಗಾನ ಕಲಿಸುತ್ತ ಬಂದವನು ನಾನು. ನಿಮ್ಮ ಪತ್ರ ಓದಿ ಸಂತೋಷವಾಯಿತು. ನೀವು ಕೇಳಿರುವುದು ಸದ್ದಿನ ಬಗ್ಗೆ. ಆದರೆ ಸಾಲುಗಳ ನಡುವೆ ಇರುವ ಆತಂಕ ಬೇರೆ: ದೇವಾಲಯಕ್ಕೆ ಅಗೌರವವಾಗಬಾರದು, ನೆರೆಯವರ ಮನಸ್ಸು ನೋಯಬಾರದು, ಇಷ್ಟು ಕಷ್ಟಪಟ್ಟು ಕಲಿತ ಹಾಡು ಕೇಳದೆ ಹೋಗಬಾರದು. ಮೂರಕ್ಕೂ ನನ್ನ ಸಲಹೆಯ ಬೇರು ಒಂದೇ. ಆ ಕಟ್ಟಡದ ಜೊತೆ ಜಗಳಕ್ಕೆ ಇಳಿಯಬೇಡಿ. ಯಾವ ಹಾಡು, ಯಾವ ಶಿಲ್ಪ ಎಲ್ಲಿ ಎಂಬುದನ್ನು ಅದೇ ತೀರ್ಮಾನಿಸಲಿ.

ಮೊದಲು ಆ ಗುಂಯ್‌ಗುಡುವಿಕೆ. ಹಾಡು ನಿಂತ ಮೇಲೂ ದನಿ ಗೋಡೆಯಿಂದ ಗೋಡೆಗೆ ಹಾರುತ್ತ ಉಳಿಯುವುದಕ್ಕೆ ಅನುರಣನ ಎನ್ನುತ್ತೇವೆ. ಅದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕುವ ದಾರಿಯನ್ನು ವಾಲೇಸ್ ಸೇಬಿನ್ ಎಂಬ ವಿಜ್ಞಾನಿ 19ನೆಯ ಶತಮಾನದ ಕೊನೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡರು. ಒಳಾಂಗಣದ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿರುವ ವಸ್ತುಗಳೆಲ್ಲ ಸೇರಿ (ಬಿದ್ದ ಸದ್ದನ್ನೆಲ್ಲ ಹೀರುವ ಮೈಯ ಲೆಕ್ಕದಲ್ಲಿ) ಎಷ್ಟು ಚದರ ಮೀಟರ್‌ನಷ್ಟು ಸದ್ದನ್ನು ಹೀರುತ್ತವೆಯೋ ಅದರಿಂದ ಭಾಗಿಸಿದರೆ ಸೆಕೆಂಡುಗಳಲ್ಲಿ ಉತ್ತರ ಬರುತ್ತದೆ. ಅಂದಾಜಿಗೆಂದು 30 ಮೀಟರ್ ಉದ್ದ, 14 ಮೀಟರ್ ಅಗಲ, 10 ಮೀಟರ್ ಎತ್ತರದ ಒಳಾಂಗಣವನ್ನು ಇಟ್ಟುಕೊಳ್ಳೋಣ. ನೀವು ಅಳತೆ ಪಟ್ಟಿ ಹಿಡಿದು ನಿಮ್ಮದೇ ಅಂಕಿಗಳನ್ನು ಹಾಕಿಕೊಳ್ಳಿ. ಘನ ಅಳತೆ 4,200 ಘನ ಮೀಟರ್ ಆಯಿತು. ಗೋಡೆ, ನೆಲ, ಮಾಡು ಎಲ್ಲ ಸೇರಿ 1,720 ಚದರ ಮೀಟರ್. ಗಾರೆ ಬಳಿದ ಚಿರೆಕಲ್ಲಿನ ಗೋಡೆ ಸದ್ದನ್ನು ಹೀರುವುದು ತೀರ ಕಡಿಮೆ, ಮರದ ಹಲಗೆ ತುಸು ಹೆಚ್ಚು. ಬಿದ್ದ ಸದ್ದಿನಲ್ಲಿ ಸರಾಸರಿ ಹತ್ತನೇ ಒಂದು ಪಾಲನ್ನು ಅವು ಹೀರುತ್ತವೆ ಎಂದುಕೊಂಡರೆ 172 ಚದರ ಮೀಟರ್. ಖಾಲಿ ಇಗರ್ಜಿಯಲ್ಲಿ ದನಿ ಸುಮಾರು 3.9 ಸೆಕೆಂಡು ಉಳಿಯುತ್ತದೆ. ಧ್ವನಿವರ್ಧಕದವರು ಬಂದು ಚಪ್ಪಾಳೆ ತಟ್ಟಿ ನೋಡಿದ್ದು ಈ ಖಾಲಿ ಇಗರ್ಜಿಯಲ್ಲಿ. ಅವರು ಹೆದರಿದ್ದರಲ್ಲಿ ತಪ್ಪಿಲ್ಲ.

ಆದರೆ ಕಾರ್ಯಕ್ರಮದ ದಿನ ಒಳಗೆ ಜನ ಇರುತ್ತಾರೆ. ಬಟ್ಟೆ ತೊಟ್ಟು ಕುಳಿತ ಒಬ್ಬ ಮನುಷ್ಯ ಸುಮಾರು 0.45 ಚದರ ಮೀಟರ್‌ನಷ್ಟು ಸದ್ದನ್ನು ಹೀರುತ್ತಾನೆ. 300 ಜನ ಬಂದರೆ 135. ಅದನ್ನು ಸೇರಿಸಿ ಭಾಗಿಸಿದರೆ ಉತ್ತರ 2.2 ಸೆಕೆಂಡಿಗೆ ಇಳಿಯುತ್ತದೆ. ಈಗ ಶಿಲ್ಪಗಳನ್ನು ತನ್ನಿ. ಆರು ರಾಶಿ ಬಲೆ ಸೇರಿ ಧಾರಾಳವಾಗಿ 10 ಚದರ ಮೀಟರ್ ಹೀರುತ್ತವೆ ಎಂದುಕೊಂಡರೂ 2.1 ಆಗುತ್ತದೆ, ಅಷ್ಟೇ. ಶೇಕಡ 5ಕ್ಕಿಂತ ಕಡಿಮೆ ವ್ಯತ್ಯಾಸ ಮನುಷ್ಯನ ಕಿವಿಗೆ ಗೊತ್ತಾಗುವುದೇ ಇಲ್ಲ, ಇದು ಶೇಕಡ 3. ಹಾಗಾಗಿ ಬಲೆ ಸದ್ದನ್ನು ಹೀರಿ ಕೆಲಸ ಸುಲಭ ಮಾಡುತ್ತದೆ ಎಂಬುದು ನಿಜವಲ್ಲ. ಶಿಲ್ಪಗಳಿಂದ ಇಗರ್ಜಿಯ ನಾದ ಕೆಡುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ನಾದವನ್ನು ಬದಲಿಸುವುದು ನಿಮ್ಮೂರ ಜನ. ನೂರು ಜನರನ್ನು ಹೆಚ್ಚಾಗಿ ಕರೆಯಿರಿ ಎಂಬುದು ನನ್ನ ಮೊದಲ ತಾಂತ್ರಿಕ ಸಲಹೆ.

ಎರಡು ಸೆಕೆಂಡಿನ ಅನುರಣನ ವೃಂದಗಾನಕ್ಕೆ ವರ. ನಾಲ್ಕು ದನಿಗಳ ಹಾಡುಗಾರಿಕೆ ಬೆಳೆದದ್ದೇ ಇಂಥ ಕಲ್ಲಿನ ಕಟ್ಟಡಗಳ ಒಳಗೆ. ಅತಿ ಎತ್ತರದ ಸೊಪ್ರಾನೊ ದನಿಯಿಂದ ಅತಿ ಕೆಳಗಿನ ಬಾಸ್‌ವರೆಗೆ 28 ದನಿಗಳು ಬೆಸೆದುಕೊಂಡು ಒಂದಾಗಿ ಕೇಳುವುದು ಈ ಉಳಿಯುವಿಕೆಯಿಂದಲೇ. ಮಾತಿಗೆ ಮಾತ್ರ ಅದು ಶತ್ರು. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಹಾಡಿಗೆ 28 ಮೈಕ್ ಇಟ್ಟರೆ ಆಗುವುದೇನು? ಧ್ವನಿವರ್ಧಕ ದನಿಯನ್ನು ಮಾತ್ರ ಹೆಚ್ಚಿಸುವುದಿಲ್ಲ, ಗೋಡೆಗೆ ಬಡಿಯುವ ದನಿಯನ್ನೂ ಅಷ್ಟೇ ಹೆಚ್ಚಿಸುತ್ತದೆ. ಹಿಂದಿನ ಸಾಲಿನವರಿಗೆ ಕಲಸುಮೇಲೋಗರ ಇನ್ನಷ್ಟು ಜೋರಾಗಿ ಕೇಳುತ್ತದೆ. ಆಗ ಧ್ವನಿವರ್ಧಕದವರು ಮತ್ತಷ್ಟು ಏರಿಸುತ್ತಾರೆ. ಎಷ್ಟೋ ಹಬ್ಬಗಳ ಪೂಜೆ ಹೀಗೆ ಕೆಟ್ಟದ್ದನ್ನು ನಾನು ಕಂಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ನಿಮ್ಮ ಹಾಡಿಗೆ ಮೈಕ್ ಬೇಡವೇ ಬೇಡ. ವಾಚನಕ್ಕೆ, ಸ್ವಾಗತಕ್ಕೆ ಒಂದೇ ಒಂದು ಮೈಕ್ ಸಾಕು. ಅದರ ದನಿಯನ್ನು ಮುಂದಿನ ಎರಡು ದೊಡ್ಡ ಪೆಟ್ಟಿಗೆಗಳಿಂದ ಕೊಡುವ ಬದಲು, ಕಂಬಗಳಿಗೆ ಸಣ್ಣ ಉದ್ದನೆಯ ಸ್ಪೀಕರ್‌ಗಳನ್ನು ಕಟ್ಟಿ ಜನರ ಕಿವಿಯ ಹತ್ತಿರ, ಕಡಿಮೆ ದನಿಯಲ್ಲಿ ಕೊಡಿಸಿ. ನಮ್ಮ ಸೆಕೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುತ್ತದೆ. 30 ಮೀಟರ್ ಹಿಂದಿರುವ ಸ್ಪೀಕರ್ ಅಷ್ಟೇ ತಡವಾಗಿ, ಎಂದರೆ ಸುಮಾರು 85 ಮಿಲಿ ಸೆಕೆಂಡು ಬಿಟ್ಟು ಹೇಳಬೇಕು. ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಧ್ವನಿ ಹೊಂದಿಸುವ ಇಂದಿನ ಮಿಕ್ಸರ್‌ಗಳಲ್ಲಿ ಈ ಅನುಕೂಲ ಇದೆ. ‘ಡಿಲೇ ಹಾಕಿ’ ಎಂದು ನೇರವಾಗಿ ಕೇಳಿ.

ಶಿಲ್ಪಗಳನ್ನು ಎಲ್ಲಿ ಇಡುತ್ತೀರಿ ಎಂಬುದು, ಎಷ್ಟು ಇಡುತ್ತೀರಿ ಎಂಬುದಕ್ಕಿಂತ ಮುಖ್ಯ. ಕಡಿಮೆ ಸ್ಥಾಯಿಯ ಸದ್ದಿನ ಅಲೆ ಉದ್ದ. 100 ಹರ್ಟ್ಸ್‌ನ (ಸೆಕೆಂಡಿಗೆ 100 ಕಂಪನದ) ಬಾಸ್ ದನಿಯ ಅಲೆ ಮೂರೂವರೆ ಮೀಟರ್ ಇರುತ್ತದೆ. ಎದುರಿಗೆ ಏನಿದ್ದರೂ ಬಳಸಿಕೊಂಡು ಹೋಗುತ್ತದೆ. ಆದರೆ ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು 2,000 ಹರ್ಟ್ಸ್‌ಗಿಂತ ಮೇಲೆ. ಅಲ್ಲಿ ಅಲೆ ಗೇಣುದ್ದವೂ ಇರುವುದಿಲ್ಲ. ಹಾಡುವವರ ಮುಂದೆ ಒಂದೂವರೆ ಮೀಟರ್ ಅಗಲದ ದೋಣಿ ಹಲಗೆಯ ಶಿಲ್ಪ ನಿಂತರೆ ಅದರ ಹಿಂದೆ ವ್ಯಂಜನಗಳಿಗೆ ನೆರಳು ಬೀಳುತ್ತದೆ. ಅಲ್ಲಿ ಕುಳಿತವರಿಗೆ ರಾಗ ಕೇಳುತ್ತದೆ, ಸಾಹಿತ್ಯ ಕೇಳುವುದಿಲ್ಲ. ಆದ್ದರಿಂದ ಗಾಯಕರಿಗೂ ಜನರಿಗೂ ನಡುವೆ ಗಟ್ಟಿಯಾದ ಯಾವುದೂ ಬೇಡ. ಸಡಿಲವಾಗಿ ಹರಡಿದ ಒಂದು ಪದರದ ಬಲೆಯಾದರೆ ಅಡ್ಡಿಯಿಲ್ಲ, ಸದ್ದು ಅದರ ಕಣ್ಣುಗಳ ಮೂಲಕ ಹಾದುಹೋಗುತ್ತದೆ. ದೊಡ್ಡ ಶಿಲ್ಪಗಳನ್ನು ಪಕ್ಕದ ಗೋಡೆಗಳ ಉದ್ದಕ್ಕೆ, ಬಾಗಿಲುಗಳಿಗೆ ಮತ್ತು ನಡುದಾರಿಗೆ ಅಡ್ಡವಾಗದಂತೆ ಇಡಿ. ತಗಡಿನ ತುಂಡು ಸೇರಿದ್ದರೆ ಅಭ್ಯಾಸದ ದಿನ ಬಾಸ್ ಹಾಡುವವರಿಂದ ಒಂದೊಂದು ಸ್ವರವನ್ನು ದೀರ್ಘವಾಗಿ ಹಾಡಿಸಿ ನೋಡಿ. ಯಾವುದೋ ಒಂದು ಸ್ವರಕ್ಕೆ ತಗಡು ಝೇಂಕರಿಸಲು ಶುರು ಮಾಡುತ್ತದೆ. ಅಲ್ಲಿಗೆ ಒಂದು ಚೂರು ಬಟ್ಟೆ ಸಿಕ್ಕಿಸಿದರೆ ಮುಗಿಯಿತು.

ತೂಗುಹಾಕುವ ಆಮೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಯುವ ಕಲಾವಿದರು ನೋಡಿದ್ದು ಬಹುಶಃ ಬ್ರಿಟಿಷ್ ಕಲಾವಿದ ಲ್ಯೂಕ್ ಜೆರ್ರಮ್ ಅವರ ‘ಗಾಯಾ’ ಇರಬೇಕು. ಅದು 7 ಮೀಟರ್ ವ್ಯಾಸದ, ನಾಸಾ ತೆಗೆದ ಭೂಮಿಯ ಚಿತ್ರಗಳನ್ನು ಮುದ್ರಿಸಿದ ಗೋಳ. ಅದರ ಮೈಯ ಒಂದು ಸೆಂಟಿಮೀಟರ್ ಎಂದರೆ ಭೂಮಿಯ 18 ಕಿಲೋಮೀಟರ್. ಇಂಗ್ಲೆಂಡಿನ ಹಲವು ಕೆಥೆಡ್ರಲ್‌ಗಳಲ್ಲಿ ಅದು ತೂಗಿದೆ. ನೋಡಲು ಬೃಹತ್ತಾದರೂ ಅದು ಗಾಳಿ ತುಂಬಿದ ಹೊದಿಕೆ, ತೂಗುಹಾಕುವವರು ಅದೇ ವೃತ್ತಿಯವರು. ನಿಮ್ಮದು ನೀರು ಕುಡಿದ ಮರ ಮತ್ತು ಬಲೆ. ಮೇಲಿರುವುದು ನಮ್ಮ ಕರಾವಳಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿರುವ ಮರದ ತೊಲೆ, ಪಕಾಸಿ, ಹೆಂಚಿನ ಮಾಡಾಗಿದ್ದರೆ, ಅದು ಹೆಂಚಿನ ಭಾರ ಹೊರಲೆಂದು ಕಟ್ಟಿದ್ದು. ಒಂದೇ ಕಡೆ ಜೋತುಬಿದ್ದ ಭಾರವನ್ನು ತಾಳುತ್ತದೋ ಇಲ್ಲವೋ ಎಂದು ಕೆಳಗೆ ನಿಂತು ನೋಡಿ ಹೇಳಲಾಗದು. ತೊಲೆಯ ಒಳಗೆ ಗೆದ್ದಲು ಎಷ್ಟು ತಿಂದಿದೆಯೋ ಯಾರಿಗೆ ಗೊತ್ತು? ಸಿವಿಲ್ ಎಂಜಿನಿಯರ್ ಮೇಲೆ ಹತ್ತಿ ನೋಡಿ ಬರಹದಲ್ಲಿ ಒಪ್ಪಿಗೆ ಕೊಡದ ಹೊರತು ಜನರ ತಲೆಯ ಮೇಲೆ ಏನನ್ನೂ ಕಟ್ಟಬೇಡಿ. ಅಲ್ಲದೆ ಕಡಲಾಮೆ ನೆಲದ ಜೀವಿಯಾಗಿ ಬಂದರೆ ಹೆಚ್ಚು ಅರ್ಥವಿದೆ ಎಂದು ನನಗೆ ಅನ್ನಿಸುತ್ತದೆ. ಆಲಿವ್ ರಿಡ್ಲೆ ಆಮೆಗಳು ಚಳಿಗಾಲದಲ್ಲಿ ಮೊಟ್ಟೆ ಇಡಲು ನಮ್ಮ ಮರಳಿಗೇ ಬರುತ್ತವೆ. ಮಕ್ಕಳು ಅದರ ಪಕ್ಕ ಮಂಡಿಯೂರಿ ಕುಳಿತು ನೋಡುವಂತಿರಲಿ. ಮೇಲೆ ಏನಾದರೂ ತೂಗಲೇಬೇಕೆಂದರೆ ಶಿರಸಿ, ಸಿದ್ದಾಪುರದ ಕಡೆಯ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡಿನಿಂದ ಸಣ್ಣ ಸಣ್ಣ ಮೀನುಗಳನ್ನು ಮಾಡಿಸಿ ಇಗರ್ಜಿಯ ಹಿಂಬದಿಯ ಮಾಳಿಗೆಯ ಕಟಕಟೆಗೆ ಕಟ್ಟಬಹುದು. ತೂಕವೇ ಇಲ್ಲ. ಫ್ಯಾನಿನ ರೆಕ್ಕೆಗೆ ಸಿಗದಂತೆ ನೋಡಿಕೊಳ್ಳಿ.

ಬೆಂಕಿಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಬಲೆ ನೈಲಾನ್ ಅಥವಾ ಪಾಲಿಥೀನ್. ಎರಡೂ ಉರಿಯುವಾಗ ಕರಗಿ ಹನಿಹನಿಯಾಗಿ ಬೀಳುತ್ತವೆ, ಬಿದ್ದಲ್ಲಿ ಉರಿಯುತ್ತಲೇ ಇರುತ್ತವೆ, ಹೊಗೆ ಕೆಟ್ಟದ್ದು. ಇಗರ್ಜಿ ಎಂದರೆ ಮೇಣದಬತ್ತಿ. ಕಾರ್ಯಕ್ರಮದ ಸಂಜೆ ಕೈಯಲ್ಲಿ ಬತ್ತಿ ಹಿಡಿದು ಹಾಡುವ ಯೋಚನೆ ಯಾರಿಗಾದರೂ ಬಂದರೆ ಆಗಲೇ ತಡೆಯಿರಿ. ಶಿಲ್ಪದ ಸುತ್ತ ಉರಿಯುವ ದೀಪ ಬೇಡ, ಬಿಸಿಯಾಗುವ ಹಳೆಯ ಮಾದರಿಯ ಬಲ್ಬುಗಳೂ ಬೇಡ. ಎರಡು ಕಡೆ ಅಗ್ನಿಶಾಮಕ ಸಿಲಿಂಡರ್ ಇರಲಿ, ಅದನ್ನು ಬಳಸಲು ಬಲ್ಲವರು ಪಕ್ಕದಲ್ಲಿರಲಿ. ಬಲೆಗಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದೆ ಒಳಗೆ ತರಬೇಡಿ. ಉಪ್ಪು ಉಳಿದರೆ ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು ಬಲೆ ಒಣಗುವುದೇ ಇಲ್ಲ, ನೆಲದ ಮೇಲೆ ಕಲೆ ಬೀಳುತ್ತದೆ, ವಾಸನೆ ಭಾನುವಾರದ ಪೂಜೆಯವರೆಗೂ ಉಳಿಯುತ್ತದೆ. ಮರದ ತುಂಡುಗಳಲ್ಲಿ ಹುಳು, ಗೆದ್ದಲು ಇದೆಯೇ ಎಂದು ನೋಡಿ. ಮರದ ಮಾಡಿನ ಕೆಳಗೆ ಗೆದ್ದಲನ್ನು ನಾವೇ ತಂದಿಟ್ಟಂತಾಗಬಾರದು. ಹೊಳೆಯಲ್ಲಿ ತೇಲಿಬಂದ ಮರವೂ ಅರಣ್ಯ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ವಲಯ ಅರಣ್ಯಾಧಿಕಾರಿಗೆ ಮೊದಲೇ ಒಂದು ಪತ್ರ ಕೊಡಿ. ಹವಳ, ಆಮೆಯ ಚಿಪ್ಪು ದಂಡೆಯಲ್ಲಿ ಸಿಕ್ಕಿದರೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳಿಗೆ ರಕ್ಷಣೆ ಕೊಟ್ಟಿದೆ.

ಹಿರಿಯರ ಮಾತಿಗೆ ಬರುತ್ತೇನೆ. ಅವರನ್ನು ಹಳೆಯ ಕಾಲದವರು ಎಂದು ತಳ್ಳಿಹಾಕಬೇಡಿ, ಅವರ ಮಾತಿಗೆ ಧರ್ಮಸಭೆಯ ನಿಯಮದ ಬೆಂಬಲವಿದೆ. ಇಗರ್ಜಿಗಳಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಗಳ ಬಗ್ಗೆ ರೋಮಿನಿಂದ 1987ರ ನವೆಂಬರ್ 5ರಂದು ಒಂದು ಸೂಚನೆ ಹೊರಟಿದೆ. ಅದು ಸಂಗೀತವನ್ನು ನಿಷೇಧಿಸುವುದಿಲ್ಲ, ದಾರಿ ಹೇಳುತ್ತದೆ. ದಿನಾಂಕ, ಸಮಯ, ಹಾಡುಗಳ ಪಟ್ಟಿ, ರಚನಕಾರರ ಹೆಸರು ಸಹಿತ ಮುಂಚಿತವಾಗಿ ಬರಹದಲ್ಲಿ ಅನುಮತಿ ಕೇಳಬೇಕು. ಪ್ರವೇಶ ಎಲ್ಲರಿಗೂ ತೆರೆದಿರಬೇಕು, ಟಿಕೆಟ್ ಇರಬಾರದು. ಗಾಯಕರು ಬಲಿಪೀಠವಿರುವ ಗರ್ಭಗುಡಿಯ ಭಾಗದಲ್ಲಿ ನಿಲ್ಲಬಾರದು. ಬಲಿಪೀಠ, ಯಾಜಕರ ಆಸನ, ವಾಚನಪೀಠಗಳಿಗೆ ಪೂರ್ಣ ಗೌರವ ಇರಬೇಕು. ಪರಮ ಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಸಾಧ್ಯವಾದಷ್ಟೂ ಪಕ್ಕದ ಪ್ರಾರ್ಥನಾಲಯದಲ್ಲೋ ಬೇರೊಂದು ಸುರಕ್ಷಿತ ಸ್ಥಳದಲ್ಲೋ ಇರಿಸಬೇಕು. ಖರ್ಚು, ಹಾನಿ, ಜಾಗವನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಆಯೋಜಕರದ್ದೆಂದು ಬರೆದುಕೊಡಬೇಕು. ಕಾರವಾರ 1976ರಲ್ಲಿ ಧರ್ಮಪ್ರಾಂತ್ಯವಾಯಿತು, ಎಂದರೆ ತನ್ನದೇ ಬಿಷಪರ ಆಡಳಿತಕ್ಕೆ ಬಂತು. ಕೆಥೆಡ್ರಲ್ ಎಂದರೆ ಬಿಷಪರ ಸ್ವಂತ ದೇವಾಲಯ. ಆದ್ದರಿಂದ ಪತ್ರ ಧರ್ಮಕೇಂದ್ರದ ಗುರುಗಳ ಮೂಲಕ ಅವರಿಗೇ ಹೋಗಲಿ. ಹಿರಿಯರಲ್ಲಿ ಒಬ್ಬರ ಸಹಿಯೂ ಅದರಲ್ಲಿರಲಿ.

ಆ ಸೂಚನೆಯಲ್ಲಿ ನಿಮ್ಮನ್ನು ನೇರವಾಗಿ ತಟ್ಟುವ ಅಂಶ ಇನ್ನೊಂದಿದೆ. ಒಳಗೆ ಹಾಡುವುದು ಪವಿತ್ರ ಸಂಗೀತ ಅಥವಾ ಧಾರ್ಮಿಕ ಸಂಗೀತ ಆಗಿರಬೇಕು. ಮರ, ನದಿ, ಕಡಲು ಎಂದು ಹಾಡಿದ ಮಾತ್ರಕ್ಕೆ ಎಲ್ಲ ಹಾಡೂ ಒಳಗೆ ಸಲ್ಲುವುದಿಲ್ಲ. ಇದು ಕೊರತೆಯಲ್ಲ. ಸೃಷ್ಟಿಯನ್ನು ಹಾಡಲು ಬೈಬಲಿನಲ್ಲಿ ಬೇಕಾದಷ್ಟಿದೆ. 104ನೆಯ ಕೀರ್ತನೆಯಲ್ಲಿ ಬುಗ್ಗೆಗಳಿಂದ ಕಾಡುಕತ್ತೆಗಳು ನೀರು ಕುಡಿಯುತ್ತವೆ, ವಿಶಾಲ ಕಡಲಿನಲ್ಲಿ ಹಡಗುಗಳು ಓಡಾಡುತ್ತವೆ. ಕಾರವಾರದ ಬಂದರಿನ ಮುಂದೆ ನಿಂತು ಬರೆದಂತಿದೆ. 148ನೆಯ ಕೀರ್ತನೆ ಆಲಿಕಲ್ಲು, ಹಣ್ಣಿನ ಮರ, ಹರಿದಾಡುವ ಜಂತುಗಳನ್ನೂ ಸ್ತುತಿಗೆ ಕರೆಯುತ್ತದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ ಸುಮಾರು 800 ವರ್ಷಗಳ ಹಿಂದೆ ಸೂರ್ಯನನ್ನು ಸೋದರ, ನೀರನ್ನು ಸೋದರಿ ಎಂದು ಹಾಡಿದರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಆರೈಕೆಯನ್ನು ಕುರಿತು ವಿಶ್ವಪತ್ರ ಬರೆದು, ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಅಂದಿನಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗಿನ ದಿನಗಳನ್ನು ಜಗತ್ತಿನ ಬೇರೆ ಬೇರೆ ಸಭೆಗಳು ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. ನಮ್ಮ ಕರಾವಳಿಯ ಕ್ರೈಸ್ತರು ಹೊಸ ತೆನೆಯನ್ನು ಹರಸಿ ಉಣ್ಣುವ ಸೆಪ್ಟೆಂಬರ್ 8ರ ಮೊಂತಿ ಹಬ್ಬವೂ ಇದರೊಳಗೇ ಬರುತ್ತದೆ. ಬಿಷಪರಿಗೆ ಬರೆಯುವ ಪತ್ರದಲ್ಲಿ ಇದನ್ನೆಲ್ಲ ಹೇಳಿದರೆ, ಪರಿಸರ ಎಂಬುದು ಹೊರಗಿನಿಂದ ತಂದು ಅಂಟಿಸಿದ ವಿಷಯ ಎಂದು ಯಾರೂ ಹೇಳಲಾರರು.

ಹಾಗಾದರೆ ನಮ್ಮ ಜಿಲ್ಲೆಯ ಹಾಡುಗಳು? ಅವುಗಳಿಗೆ ಅಂಗಳವಿದೆ. ನನಗೆ ಅತ್ಯಂತ ಹಿಡಿಸುವ ಆಯ್ಕೆ ಸಂಜೆಯನ್ನು ಎರಡಾಗಿ ಮಾಡುವುದು. ಬೆಳಕಿರುವಾಗ ಅಂಗಳದಲ್ಲಿ ದೊಡ್ಡ ಶಿಲ್ಪಗಳು, ಜನಪದ ಹಾಡುಗಳು. ಕತ್ತಲಾಗುವಾಗ ಒಳಗೆ ವೃಂದಗಾನ, ಜೊತೆಗೆ ಆಮೆಯೂ ಒಂದೆರಡು ಚಿಕ್ಕ ಶಿಲ್ಪಗಳೂ ಮಾತ್ರ. 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದ ಜಿಲ್ಲೆ ಇದು. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡ, ಒಬ್ಬರು ಹಾಡಿಗೆ, ಇನ್ನೊಬ್ಬರು ಗಿಡ ಬೆಳೆಸಿದ್ದಕ್ಕೆ, ಪದ್ಮಶ್ರೀ ಪಡೆದು ಈಗ ನಮ್ಮನ್ನು ಅಗಲಿದ್ದಾರೆ. ಹಾಲಕ್ಕಿ ಹೆಂಗಸರನ್ನು, ಹಳಿಯಾಳ ಯಲ್ಲಾಪುರ ಕಡೆಯ ಸಿದ್ದಿಗಳ ಡಮಾಮಿ ಡೋಲಿನ ಮೇಳವನ್ನು ಕರೆಯಿಸಿ, ಗೌರವಧನ ಕೊಟ್ಟು, ಅವರ ಹಾಡನ್ನು ಅವರಿಂದಲೇ ಹಾಡಿಸಿ. ಕೇಳದೆ ಅವರ ಹಾಡನ್ನು ನಾಲ್ಕು ದನಿಗೆ ಒಗ್ಗಿಸಲು ಹೋಗಬೇಡಿ. ಡೋಲಿನ ವೇಗದ ಪೆಟ್ಟುಗಳು ಒಳಗಿನ ಅನುರಣನದಲ್ಲಿ ಕಲಸಿಹೋಗುತ್ತವೆ, ಬಯಲಿನಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಹೀಗೆ ವಿಂಗಡಿಸುವುದರಲ್ಲಿ ಕೀಳು ಮೇಲೆಂಬುದಿಲ್ಲ, ಕಟ್ಟಡದ ಸ್ವಭಾವ ಹಾಗಿದೆ. ಅಪಾಯವೆಂದರೆ ಮಳೆ. ಸೆಪ್ಟೆಂಬರ್ ಕೊನೆಗೂ ಕಾರವಾರದ ಸಂಜೆಯನ್ನು ನಂಬಲಾಗದು, ಚಪ್ಪರವೋ ಸಭಾಂಗಣವೋ ಕೈಯಲ್ಲಿರಲಿ. ಅಂಗಳದಲ್ಲಿ ಧ್ವನಿವರ್ಧಕ ಹಾಕುವುದಾದರೆ ಅನುಮತಿ ಬೇಕು, ರಾತ್ರಿ 10ರ ನಂತರ ಹಾಕುವಂತಿಲ್ಲ, ಆಸ್ಪತ್ರೆ ಶಾಲೆಗಳಿಂದ 100 ಮೀಟರ್‌ವರೆಗಿನದು ನಿಶ್ಶಬ್ದ ವಲಯ.

ಒಳಗಿನ ಹಾಡುಗಳನ್ನು ಆರಿಸುವಾಗ ನಿಧಾನ ಗತಿಯವನ್ನು ತೆಗೆದುಕೊಳ್ಳಿ. ಸಾಲು ಮುಗಿದ ಮೇಲೆ ದನಿ ಇಳಿಯಲು ಬಿಟ್ಟು ಮುಂದಿನ ಸಾಲು ಎತ್ತಿಕೊಳ್ಳಿ. ಕೊಂಕಣಿ, ಕನ್ನಡ ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ. ಕಿವಿಗೆ ಸಿಗದ ವ್ಯಂಜನವನ್ನು ಕಣ್ಣು ತುಂಬಿಕೊಡುತ್ತದೆ. ಹಿಂಬದಿಯ ಮಾಳಿಗೆಯಿಂದ ಹಾಡುವುದೇ ಉತ್ತಮ. ಗರ್ಭಗುಡಿಯ ನಿಯಮವೂ ಉಳಿಯುತ್ತದೆ, ಜನ ಶಿಲ್ಪಗಳನ್ನು ನೋಡುತ್ತ ಕೇಳಬಹುದು. ಮೆಲುದನಿಯ ಹಾಡು ಬಂದಾಗ ಫ್ಯಾನು ನಿಲ್ಲಿಸಿ. ಸೆಕೆಗೆ ಜನ ಗೊಣಗುತ್ತಾರೆ, ಐದು ನಿಮಿಷ ತಡೆಯುತ್ತಾರೆ.

ಮೀನುಗಾರ ಕುಟುಂಬದವರ ಪ್ರಶ್ನೆಯೇ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು. ಬಲೆಯನ್ನು ಯಾರೂ ಬೇಕೆಂದು ಕಡಲಿಗೆ ಎಸೆಯುವುದಿಲ್ಲ, ಅದು ಸಾಲ ಮಾಡಿ ತಂದ ಬಂಡವಾಳ. ಬಂಡೆಗೆ ಸಿಕ್ಕಿ, ಬಿರುಗಾಳಿಗೆ, ಟ್ರಾಲರ್ ಎಳೆತಕ್ಕೆ ಹರಿದು ಹೋಗುತ್ತದೆ. ಹೋದ ಬಲೆ ನೀರಿನೊಳಗೆ ವರ್ಷಗಟ್ಟಲೆ ಮೀನು, ಆಮೆಗಳನ್ನು ಹಿಡಿಯುತ್ತಲೇ ಇರುವುದು ನಿಜ. ಆ ನಷ್ಟ ಮೀನುಗಾರನದ್ದೂ ಹೌದು. ಕಡಲಿನ ಬಗ್ಗೆ ಅವರಿಗಿರುವ ಕಾಳಜಿಯನ್ನು ಅನುಮಾನಿಸುವ ಅಧಿಕಾರ ನಮಗಿಲ್ಲ. ಬಂದರು ವಿಸ್ತರಣೆಯನ್ನು ವಿರೋಧಿಸಿ 2020ರ ಜನವರಿಯಲ್ಲಿ ಕಾರವಾರದ ಬೀದಿಗಿಳಿದವರು ಅವರೇ. ಶಿಲ್ಪದ ಪಕ್ಕದ ಫಲಕದಲ್ಲಿ ‘ಕಸ’ ಎಂಬ ಪದ ಬೇಡ. ಬಲೆ ಕಳೆದುಕೊಂಡ ಹಿರಿಯರೊಬ್ಬರು, ಅದು ಹೇಗೆ ಹೋಯಿತು ಎಂದು ಎರಡು ನಿಮಿಷ ಒಳಗಿನ ಆ ಒಂದೇ ಮೈಕಿನಲ್ಲಿ ಹೇಳಲಿ. ಬೇರೆ ಭಾಷಣ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ದಂಡೆಯ ಮೇಲೆ ಕುಳಿತು ಬಲೆ ಸರಿಮಾಡುತ್ತಾರಲ್ಲ, ಹರಿದದ್ದನ್ನು ಕೇಳಿ ಪಡೆಯಲು ಅದೇ ಸಮಯ. ಗಂಟು ಹಾಕುವುದನ್ನು ಕಲಾವಿದರು ಅವರಿಂದಲೇ ಕಲಿಯಲಿ.

ಆ ಗಂಟಿನಲ್ಲೇ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇದೆ. ಅಂಟು, ಬಣ್ಣ, ರಾಳ ಯಾವುದನ್ನೂ ಬಲೆಗೆ ಹಚ್ಚದೆ, ಥರ್ಮೋಕೋಲ್ ಸೇರಿಸದೆ, ಬರೀ ಗಂಟು ಮತ್ತು ಹುರಿಯಿಂದ ಕಟ್ಟಿದರೆ ಶಿಲ್ಪವನ್ನು ಬಿಚ್ಚಬಹುದು. ಬಿಚ್ಚಿದ ನೈಲಾನ್ ಬಲೆಯನ್ನು ಕರಗಿಸಿ ಮತ್ತೆ ನೂಲು ಮಾಡಲಾಗುತ್ತದೆ. ಪಾಲಿಥೀನ್ ಹಗ್ಗದ ಜೊತೆ ಬೆರೆತರೆ ಆಗದು, ಹಾಗಾಗಿ ಮೊದಲೇ ಎರಡನ್ನೂ ಬೇರೆ ಬೇರೆ ಇಡಿ. ಪ್ಲಾಸ್ಟಿಕ್ ಕೊಳ್ಳುವ ವ್ಯಾಪಾರಿಯೊಂದಿಗೆ ಈಗಲೇ ಮಾತಾಡಿ, ತೂಕ ಮತ್ತು ಸಾಗಿಸುವ ದಿನವನ್ನು ನಿಗದಿ ಮಾಡಿ. ದೋಣಿಯ ಹಲಗೆಗಳನ್ನು ಕೊಟ್ಟವರಿಗೆ ಮತ್ತೆ ಬೇಕೇ ಎಂದು ಕೇಳಿ. ಆಮೆಯನ್ನು ಮಾತ್ರ ಬಿಚ್ಚಲು ಮನಸ್ಸಾಗದಿದ್ದರೆ, ಮಳೆ ಬೀಳದ ಒಂದು ಶಾಲೆಯ ಜಗಲಿ ನೋಡಿ ಕೊಡಿ. ಬಿಸಿಲಿಗೆ ಇಡಬೇಡಿ. ಬಿಸಿಲಿನಲ್ಲಿ ಬಲೆ ಪುಡಿಪುಡಿಯಾಗಿ ಉದುರಿ, ಆ ಪುಡಿ ಮಳೆನೀರಿನ ಜೊತೆ ಮತ್ತೆ ಕಡಲನ್ನೇ ಸೇರುತ್ತದೆ.